ಮಂಚದ ಎರಡು ಬದಿ

ಮಂಚ ಗೋಡೆಗೆ ಒತ್ತಬೇಡಿ, ಕಾಳಾಚಾರ್ರೇ,
ಎರಡು ಬದಿಗೂ ಎರಡೂವರೆ ಅಡಿ ಬಿಡಿ.
ಬೀರು ಚಿಕ್ಕದಾದರೆ ಆಗಲಿ,
ಉಡೋ ಸೀರೆ ಇರೋದೇ ಎಂಟು.

ಅರಸೀಕೆರೆ ರೈಲ್ವೆ ಕ್ವಾರ್ಟರ್ಸಲ್ಲಿ ಇಪ್ಪತ್ತೇಳು ವರ್ಷ
ನಾನು ಗೋಡೆ ಕಡೆ, ಅವರು ಬಾಗಿಲ ಕಡೆ.
ಕರೆ ಬರೋದು ಅವರಿಗೆ ತಾನೆ.
ರಾತ್ರಿ ಒಂದೂವರೆಗೆ ಕಿಟಕಿ ಸರಳು ಬಡಿದು
ಕಾಲ್‌ಬಾಯ್ ನಂಜುಂಡ ಕೂಗೋನು:
‘ಗಾರ್ಡ್ ತಿಪ್ಪೇಶಪ್ಪನವರೇ, ಗೂಡ್ಸು, ಮೂರೂ ಹತ್ತಕ್ಕೆ!’
ಸಾಲುಮನೆಗಳಿಗೆಲ್ಲ ಎಚ್ಚರ,
ಇವರಿಗೆ ಮಾತ್ರ ಎರಡನೇ ಕೂಗು ಬೇಕು.
ನಾನು ನೀರಿಗೆ ಏಳಬೇಕಂದರೆ
ಅವರ ಮೊಣಕಾಲು ದಾಟಬೇಕು.
ಮಲಗಿದೋರನ್ನ ದಾಟಿದರೆ ಬೆಳೆಯಲ್ಲ ಅಂತ ಅತ್ತೆ.
ಆರಡಿ ಆಳು, ಇನ್ನೆಲ್ಲಿಗೆ ಬೆಳೆಯೋದು?
ಆದರೂ ದಾಟಲಿಲ್ಲ. ಬಾಯಾರಿಕೊಂಡೇ ಮಲಗಿದೆ.
ನಗಬೇಡಿ, ಬರೆದುಕೊಳ್ಳಿ: ಎರಡೂವರೆ ಅಡಿ.

ನಿಮ್ಮ ಮಗಳು ಫೋನಲ್ಲಿ ತೋರಿಸಿದ್ದು ಚೆನ್ನಾಗೇ ಇದೆ,
ಬೂದು ಗೋಡೆ, ಚಿನ್ನದ ಗೆರೆ,
ದೋಣಿ ಬೋರಲು ಹಾಕಿದಂಥ ಸೀಲಿಂಗು.
ಯಾರೂ ಮಲಗಿ ಎದ್ದ ಗುರುತಿಲ್ಲ ಆ ಹಾಸಿಗೆಗೆ.
ನನಗೆ ಎಳನೀರ ಗಂಜಿಯ ಬಣ್ಣ ಸಾಕು,
ಬೆರಳಿಗೇ ಎದ್ದು ಬರುತ್ತಲ್ಲ, ಅದು.
ಪೇಂಟ್ ಅಂಗಡೀಲಿ ಅದಕ್ಕೇನು ನಂಬರೋ ಕೇಳಿ.

ಬಚ್ಚಲಿಗೆ ಹೊಸ್ತಿಲು ಬೇಡ.
ನೀರು ಆಚೆ ಬರುತ್ತೆ ಅಂತಾನೆ ಮೇಸ್ತ್ರಿ.
ಇಳಿಜಾರು ಕೊಡೋದು ಅವನ ಕೆಲಸ,
ನನ್ನ ಮಂಡಿ ಎತ್ತೋದು ನನ್ನ ಕೆಲಸ.

ಪೂರ್ವಕ್ಕೆ ಕಿಟಕಿ. ದೊಡ್ಡದು.
ಹಗಲು ಅವರು ಮಲಗಲಿ ಅಂತ
ಕಿಟಕಿಗೆ ರಗ್ಗು ಕಟ್ಟಿ, ಮಿಕ್ಸಿ ಹಾಕದೆ
ಒರಳಲ್ಲಿ ಸದ್ದಾಗದ ಹಾಗೆ ಚಟ್ನಿ ಅರೆದವಳು ನಾನು.
ಮಕ್ಕಳು ಮಾತು ಕಲಿಯೋ ಮುಂಚೆ ಪಿಸುಮಾತು ಕಲಿತವು.
ಇನ್ನು ಆ ರಗ್ಗು ಯಾವ ಮೊಳೆಗೂ ಬೇಡ.

ಮೊಳೆ ಅಂದೆನಲ್ಲ, ನೆನಪಾಯಿತು.
‘ಏನು ಬೇಕು ರೀ ರೂಮಿಗೆ?’ ಅಂತ ಕೇಳಿದೆ ಇವರನ್ನ.
ಮೂರು ದಿನ ಯೋಚನೆ ಮಾಡಿ,
‘ಒಂದು ಮೊಳೆ’ ಅಂದರು.
ಹುಬ್ಬಳ್ಳಿ ರನ್ನಿಂಗ್ ರೂಮಿನ ಹದಿನಾಲ್ಕನೇ ಮಂಚ,
ಬೀರೂರಿನವನೊಬ್ಬ ಈಗಷ್ಟೇ ಎದ್ದುಹೋದ ಬಿಸಿ,
ದಿಂಬಿನಲ್ಲಿ ಯಾರದೋ ಹರಳೆಣ್ಣೆ,
ಮೊಳೆಯಲ್ಲಿ ಯಾರದೋ ಅಂಗಿ.
ತನ್ನ ಅಂಗಿ ಮಡಿಚಿ ತಲೆಯಡಿ ಇಟ್ಟುಕೊಳ್ಳೋರಂತೆ.
ಇಷ್ಟು ವರ್ಷ ಹೇಳಿರಲಿಲ್ಲ.
ಹಿತ್ತಾಳೇದು ಹಾಕಿ, ಎತ್ತರ ಅವರ ಭುಜಕ್ಕೆ.

ಡಬಲ್ ಗಾಜು ಬೇಡ.
ಸದ್ದು ಬರಲ್ಲ ಅಂತೀರಿ, ಗೊತ್ತು. ಸದ್ದು ಬರಲಿ ಅಂತಲೇ.
ರಿಟೈರಾಗಿ ಒಂಬತ್ತು ತಿಂಗಳು,
ಈಗಲೂ ಒಂದೂವರೆಗೆ ಎದ್ದು ಕೂರ್ತಾರೆ.
ಬಾಣಾವರದ ಕಡೆಯಿಂದ ಗೂಡ್ಸು ಬರುತ್ತೆ,
ಕಿವಿಯಲ್ಲೇ ಬೋಗಿ ಎಣಿಸುತ್ತಾರೆ.
ಗಾರ್ಡಿರೋದು ಕೊನೇ ಡಬ್ಬೀಲಿ ಅಲ್ಲವೇ,
ಅದು ದಾಟೋವರೆಗೆ ದಿಂಬಿಗೆ ತಲೆ ಇಡಲ್ಲ.

ತಲೆ ದಕ್ಷಿಣಕ್ಕೇ ಇರಬೇಕು ಅಂತ ಮೈದುನ.
ಹೂಂ ಅಂದಿದ್ದೀನಿ. ನೀವು ಕಿಟಕಿ ನೋಡಿ ಹಾಕಿ.

ನನ್ನ ಬದಿಗೆ ಒಂದು ಡ್ರಾಯರು, ಬೀಗದ್ದು.
ಒಳಗೇನಿಡ್ತೀರಿ ಅಂತ ಕೇಳಬೇಡಿ,
ನನಗೇ ಇನ್ನೂ ಗೊತ್ತಿಲ್ಲ.

ಅಗೋ, ನೋಡಿ ಅವರನ್ನ.
ನೀವು ನೆಲದ ಮೇಲೆ ಸೀಮೆಸುಣ್ಣದಲ್ಲಿ ಎಳೆದ ಮಂಚದೊಳಗೆ
ಚಪ್ಪಲಿ ಗೆರೆಯಾಚೆ ಬಿಟ್ಟು ನಿಂತಿದ್ದಾರೆ,
ಬಾಗಿಲ ಕಡೆಗೇ.

ರೀ,
ಆ ಕಡೆ ಇನ್ನು ನಂದು.